ಉಪ್ಪಿನಕಾಯಿಗೆ ಬಿದ್ದ ಪುಡಿ ಉಪ್ಪು

ಮಾಲೂರಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆ, ಯುದ್ಧದ ಕಾಲ. ಅಂದು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ವರ್ಷದ ಮಾವಿನ ಉಪ್ಪಿನಕಾಯಿ ಕಲಸಲು ಕೂತೆ. ಅತ್ತೆ ಹೇಳಿದ್ದು ಎರಡು ಪಾವು ಕಲ್ಲುಪ್ಪು. ಅದರಲ್ಲಿ ಮಣ್ಣಿನ ಕಣ ಕಂಡು, ನಾನು ಓದಿದ ಕಾನ್ವೆಂಟಿನ ಊಟದ ಮೇಜು ನೆನಪಾಗಿ, ತವರಿನಿಂದ ತಂದಿದ್ದ ಬಿಳಿಯ ಪುಡಿ ಉಪ್ಪನ್ನೇ ಎರಡು ಪಾವು ಅಳೆದು ಸುರಿದೆ. ಹರಳುಗಳ ನಡುವೆ ಸಂದಿರುತ್ತದೆ, ಪುಡಿಯಾದರೆ ಒತ್ತಾಗಿ ಕೂತು ಹೆಚ್ಚು ಹಿಡಿಯುತ್ತದೆ ಎಂದು ನನಗೇನು ಗೊತ್ತು!

ಅತ್ತೆ ಒಂದು ಹೋಳು ಬಾಯಿಗಿಟ್ಟು ಮುಖ ಕಿವಿಚಿದರು. ಅವರ ಉಪ್ಪಿನಕಾಯಿಗೆ ಬೀದಿಯಲ್ಲೆಲ್ಲ ಹೆಸರು. ಜಾಡಿಯಷ್ಟೂ ತಿಪ್ಪೆಪಾಲಾಯಿತೆಂದು ನನಗೆ ಅಳು ಬಂತು.

"ಅಳಬೇಡ ಕಣೇ, ಇನ್ನಷ್ಟು ಕಾಯಿ ಬೆರೆಸಿದರೆ ಈ ಉಪ್ಪೇ ಸರಿಹೋದೀತು" ಎಂದವರೇ ಸೆರಗು ಹೊದ್ದು ಬಿಸಿಲಿನಲ್ಲೇ ಹೊರಟರು. ಮಡಿಲ ತುಂಬ ಮಾವಿನಕಾಯಿ ತಂದು, ಹೆಚ್ಚಿ, ಉಪ್ಪು ಸೋಕಿಸದೆ ಬೆರೆಸಿದರು.

ಸಂಜೆ ಪಕ್ಕದ ಮನೆಯ ವೆಂಕಟಮ್ಮನವರು ಹೂ ಕಟ್ಟುತ್ತ ಜಗಲಿಯಿಂದಲೇ ಅಂದರು: "ನಿಮ್ಮತ್ತೆ ಮಾವಿನಕಾಯಿ ಕೇಳ್ಕೊಂಡು ಬಂದಿದ್ರು ಕಣಮ್ಮ. 'ನಾನೇ ಉಪ್ಪು ಜಾಸ್ತಿ ಹಾಕ್ಬಿಟ್ಟೆ' ಅಂದ್ರು. ಪಾಪ, ಅವ್ರ ಕೈಗೂ ವಯಸ್ಸಾಯ್ತು ನೋಡು."