ನೀರುಗಂಟಿಯ ಕಣ್ಣು

ನಮ್ಮ ಮನೆ ಕಟ್ಟಿರುವ ಸೈಟು ಒಂದು ಕಾಲಕ್ಕೆ ತಿಮ್ಮಯ್ಯನವರು ನೀರು ಹಾಯಿಸುತ್ತಿದ್ದ ಗದ್ದೆ. ಹೇರೋಹಳ್ಳಿ ಕಡೆ ಅವರದು ನೀರುಗಂಟಿ ಮನೆತನ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಕಾಲುವೆಗೆ ಒಂದು ಹುಲ್ಲುಕಡ್ಡಿ ಬಿಟ್ಟು, ಅದರ ಪಕ್ಕದಲ್ಲೇ ಹೆಜ್ಜೆ ಹಾಕಿ ನೀರಿನ ಓಟ ಹೇಳುತ್ತಿದ್ದರಂತೆ. ಈಗ ಗದ್ದೆಯೂ ಇಲ್ಲ, ಕಾಲುವೆಯೂ ಇಲ್ಲ. ಆದರೂ ಜೋರು ಮಳೆ ಬಂದರೆ ಯಾವ ಮನೆಗೆ ನೀರು ನುಗ್ಗುತ್ತದೆಂದು ಮೊದಲೇ ಹೇಳುತ್ತಾರೆ, ಹಾಗೇ ಆಗುತ್ತದೆ. ವಯಸ್ಸು ಎಪ್ಪತ್ತಮೂರು.

ಕಳೆದ ತಿಂಗಳು ಕೆರೆಯ ಹೂಳೆತ್ತಲು ಬಂದ ಇಂಜಿನಿಯರ್, ಮಣ್ಣಿನಡಿ ಹೂತುಹೋದ ಹಳೇ ತೂಬು ಎಲ್ಲಿದೆ ತೋರಿಸಿ ಎಂದು ಅವರನ್ನು ಕೇಳಿದರು. ತಿಮ್ಮಯ್ಯನವರು ತಕ್ಷಣ ಒಪ್ಪಲಿಲ್ಲ. ಪೊರೆ ತೆಗೆಸಿಕೊಂಡಾಗಿನಿಂದ ಅವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ.

"ತಪ್ಪು ಜಾಗ ತೋರ್ಸಿದ್ರೆ ನಮ್ಮಪ್ಪನ ಹೆಸರು ಕೆಡ್ತದೆ. ಟೂರಿಗೆ ಹೋಗ್ತಾ ಇದೀನಲ್ಲ, ದೊಡ್ಡ ಹೊಳೆ ನೋಡ್ತೀನಿ. ನೀರು ನಂಗಿನ್ನೂ ತಿಳೀತದೆ ಅನ್ನಿಸಿದ್ರೆ, ಬಂದು ತೋರಿಸ್ತೀನಿ" ಎಂದರು.

ವಿಜಯನಗರದ ಟ್ರಾವೆಲ್ಸ್‌ನವರ ಜೊತೆ ಹನ್ನೆರಡು ಜನ ಕೋಲ್ಕತ್ತಾಗೆ ಹೋದೆವು. ಅಲ್ಲಿಂದ ಹೂಗ್ಲಿ ನದಿಯ ಮೇಲೆ ಮೂರು ದಿನದ ಹಡಗಿನ ಪ್ರಯಾಣ. ಹಡಗು ಹೊರಡುವುದು ಸಂಜೆ ನಾಲ್ಕಕ್ಕೆ, ಅಲ್ಲಿಯತನಕ ಆರಾಮವಾಗಿ ಊರು ಸುತ್ತುವುದು. ಇನ್ನು ನಾನು, ಅಂಬುಜಾ, ಬಸವೇಶ್ವರನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು. ಎಲ್ಲಿಗೆ ಹೋದರೂ ಗೈಡು ಬಾಯಿ ಬಿಡುವ ಮೊದಲು ನಾನು ಬಿಡುತ್ತೇನೆ. ಮಕ್ಕಳು ಇದಕ್ಕೆ ನನ್ನನ್ನು ಬೈಯುತ್ತಾರೆ, ನಾನು ಕೇಳುವುದಿಲ್ಲ.

ಬೆಳಗ್ಗೆ ಹೌರಾ ಸೇತುವೆಯ ಬುಡದ ಹೂವಿನ ಮಾರ್ಕೆಟ್ಟಿಗೆ ಹೋದೆವು. ತಿಮ್ಮಯ್ಯನವರ ಹೆಂಡತಿ ಬೋರಮ್ಮ ಅಪ್ಪಟ ಕನ್ನಡದಲ್ಲಿ ಚೌಕಾಸಿ ಮಾಡಿ, ಅಂಗಡಿಯವನು ಬಂಗಾಳಿಯಲ್ಲಿ ಗೊಣಗಿ, ಕೊನೆಗೆ ಮಾರುದ್ದದ ಚೆಂಡುಹೂವಿನ ಹಾರ ಬೋರಮ್ಮನ ಕೈಗೆ ಬಂತು. ಪಕ್ಕದ ಘಾಟಿನ ಮೆಟ್ಟಿಲ ಮೇಲೆ ನಿಂತು ತಿಮ್ಮಯ್ಯನವರು ಆ ಹಾರದಿಂದ ಒಂದು ಹೂ ಕಿತ್ತು ನದಿಗೆ ಹಾಕಿದರು. ಹೂ ಸೇತುವೆಗೆ ಬೆನ್ನು ಹಾಕಿ ಹೊರಟಿತು. ದಡದ ಮೇಲೆ ಅದರ ಜೊತೆಗೇ ನಾಲ್ಕು ಹೆಜ್ಜೆ ನಡೆದು, "ಒಳ್ಳೇ ಓಟ ಐತೆ" ಎಂದರು. ಮುಖ ಅರಳಿತ್ತು.

ಆಮೇಲೆ ಟ್ರಾಮು ಹತ್ತಿ ಆಮೆಯಂತೆ ಸಾಗಿದೆವು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದೆವು. ಎಲ್ಲರೂ ಕುಡಿಕೆ ಬಿಸಾಡಿದರೆ ತಿಮ್ಮಯ್ಯನವರು ತಮ್ಮದನ್ನು ತೊಳೆದು ಚೀಲಕ್ಕೆ ಹಾಕಿಕೊಂಡರು. ದಾರಿಯುದ್ದಕ್ಕೂ ಅವರದೇ ಮಾತು.

ಊಟ ಮುಗಿಸಿ ಎರಡು ಗಂಟೆಗೆ ಮತ್ತೆ ಅದೇ ಘಾಟಿಗೆ ಬಂದೆವು. ನಾನು ನೆರಳಿನಲ್ಲಿ ಕೂತು ಸಂದೇಶ್ ಮಿಠಾಯಿ ತಿನ್ನುತ್ತಿದ್ದೆ. ತಿಮ್ಮಯ್ಯನವರು ಒಂದು ಹೂ ಹಾಕಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಹಾಕಿದರು.

"ಟೀಚರಮ್ಮ, ನೀರು ವಾಪಸ್ ಬತ್ತಾ ಐತೆ. ಹೂವು ಸೇತುವೆ ಕಡೀಕೇ ಹೋಯ್ತಲ್ಲ" ಎಂದರು.

ನಾನು ತಲೆ ಎತ್ತಲೂ ಇಲ್ಲ. "ತಿಮ್ಮಯ್ಯನವರೇ, ನದಿ ಹೋಗೋದು ಸಮುದ್ರಕ್ಕೆ. ಸಮುದ್ರ ಇರೋದು ಸೇತುವೆ ಕಡೆ ಅಲ್ಲ, ಈ ಕಡೆ. ಬಿಸಿಲಿಗೆ ನಿಮ್ಮ ಕಣ್ಣು ಮಂಜಾಗಿರ್ಬೇಕು" ಎಂದೆ, ಏಳನೇ ಕ್ಲಾಸಿನ ಹುಡುಗನಿಗೆ ಹೇಳಿದ ಹಾಗೆ. ಗುಂಪಿನವರು ನಕ್ಕರು.

ತಿಮ್ಮಯ್ಯನವರು ನಗಲಿಲ್ಲ. ಉಳಿದ ಹಾರವನ್ನು ಬೋರಮ್ಮನ ಮಡಿಲಿಗೆ ಹಾಕಿ, ಮಗ ಜೀವನ್‌ಗೆ ಫೋನ್ ಮಾಡಿದರು. "ಇಂಜಿನಿಯರ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳಪ್ಪ. ನನ್ನ ಕೈಲಿ ಆಗಲ್ಲ" ಎಂದು ಇಟ್ಟುಬಿಟ್ಟರು. ಬೋರಮ್ಮ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು: "ನೀವಾದ್ರೂ ಒಂದ್ಸಲ ನೋಡಿ ಹೇಳ್ಬೋದಿತ್ತು."

ಆ ಮಾತು ಚುಚ್ಚಿತು. ಆದರೂ ಎದ್ದು ನೋಡಲಿಲ್ಲ, ಅಷ್ಟು ಜಂಬ ನನಗೆ.

ನಾಲ್ಕಕ್ಕೆ ಹಡಗು ಹತ್ತಿದೆವು. ಮೂತಿ ಸೇತುವೆಯ ಕಡೆಗಿತ್ತು. ಪ್ರವಾಹದ ಎದುರಿಗೆ ಹೋಗಬೇಕಾದರೆ ಎಣ್ಣೆ ಬಹಳ ಸುಡುತ್ತದಲ್ಲವೇ ಎಂದು ಹಡಗಿನ ಮೇಲ್ವಿಚಾರಕನಿಗೆ ನನ್ನ ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು, ಈಗ ಎದುರು ಪ್ರವಾಹ ಎಲ್ಲಿದೆ ಎಂದ. ಮಧ್ಯಾಹ್ನದಿಂದ ಸಮುದ್ರದ ಉಬ್ಬರ ನದಿಯೊಳಕ್ಕೆ ಏರುತ್ತಿದೆ, ನೀರೇ ಹಡಗನ್ನು ಮೇಲಕ್ಕೆ ತಳ್ಳುತ್ತದೆ, ಅದಕ್ಕೇ ನಾಲ್ಕಕ್ಕೆ ಹೊರಡುವುದು ಎಂದ.

ಉಬ್ಬರವಿಳಿತ! ಬೋರ್ಡಿನ ಮೇಲೆ ದುಂಡಗೆ ಚಂದ್ರನನ್ನು ಬರೆದು ಮೂವತ್ತೊಂದು ವರ್ಷ ನಾನೇ ಮಾಡಿದ ಪಾಠ. ನಾಚಿಕೆಯಾಯಿತು. ನಕ್ಕವರೆಲ್ಲ ಅಲ್ಲೇ ಕೂತಿದ್ದರು. ಅವರೆದುರಿಗೇ ತಿಮ್ಮಯ್ಯನವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಬಗ್ಗಿ ನೀರು ನೋಡಿದರು. "ಹಂಗಾರೆ ಬೆಳಗ್ಗೆ ನೋಡಿದ್ದೂ ಸರಿ, ಮಧ್ಯಾಹ್ನ ನೋಡಿದ್ದೂ ಸರಿ."

"ಎರಡೂ ಸರಿ. ನಾನು ನೋಡ್ಲೇ ಇಲ್ಲ" ಎಂದೆ.

ಯಾರೂ ಕೇಳದೆಯೇ ಬೋರಮ್ಮ ಗಂಡನ ಕೈಗೆ ಫೋನ್ ತೆಗೆದುಕೊಟ್ಟರು. "ಜೀವಾ, ಇಂಜಿನಿಯರ್‌ಗೆ ಹೇಳು, ಸೋಮವಾರ ನಾನೇ ಬತ್ತೀನಿ. ಏರಿ ಮೇಲಿನ ಹುಣಸೆಮರದಿಂದ ಮೂಡಲಿಗೆ ಹದಿನೆಂಟು ಹೆಜ್ಜೆ. ಗುದ್ದಲಿ ಅಲ್ಲೇ ಹಾಕ್ಲಿ" ಎಂದರು. ದನಿಯಲ್ಲಿ ಅಳುಕೇ ಇರಲಿಲ್ಲ.

ಫೋನ್ ಜೇಬಿಗಿಟ್ಟು ನನ್ನ ಕಡೆ ತಿರುಗಿದರು.

"ಟೀಚರಮ್ಮ, ಸೋಮವಾರ ನೀವೂ ಬನ್ನಿ. ಈ ಸಲ ಹತ್ರ ನಿಂತ್ಕೊಂಡು ನೋಡಿ."