ಮೂರೂವರೆ ನಿಮಿಷದ ಹಾಡು

ನಾವು ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟುವ ಹೊತ್ತಿಗೆ ನಮ್ಮ ಹಿಂದೆ ನಾಲ್ಕು ಬ್ಯಾಂಡ್‌ಗಳ ಹೆಣ ಬಿದ್ದಿತ್ತು. ನನ್ನದನ್ನು ನಾನೇ ಕೊಂದಿದ್ದೆ. ಕಾಲೇಜೊಂದರ ಫೆಸ್ಟಿನಲ್ಲಿ ಹಾಡಿನ ಮಧ್ಯೆ ನನ್ನತ್ತ ತಿರುಗಿ ‘ನಿಧಾನ, ನಿಧಾನ’ ಎಂದು ಕೈಸನ್ನೆ ಮಾಡಿದ ಗಾಯಕನ ಮೇಲೆ ತಾಳದ ತಟ್ಟೆ ಹೊತ್ತ ಸಿಂಬಲ್ ಸ್ಟ್ಯಾಂಡ್ ಎತ್ತಿ ಎಸೆದೆ. ಅವನ ಹುಬ್ಬಿಗೆ ಐದು ಹೊಲಿಗೆ ಬಿತ್ತು. ಎರಡು ಸಾವಿರ ಹುಡುಗರ ಎದುರು ಡ್ರಮ್ಸ್ ಬಾರಿಸುವವನಿಗೆ ನಿಧಾನ ಅನ್ನುತ್ತಾರೆಯೇ? ಹಾಗೆಂದು ಆಗ ನಾನು ಎಲ್ಲರ ಹತ್ತಿರವೂ ವಾದ ಮಾಡಿದ್ದೆ.

ನಮ್ಮ ಹೊಸ ಬ್ಯಾಂಡಿನ ಗಾಯಕ, ಕೆ.ಆರ್. ಪುರದವನು, ತನ್ನ ಹಳೆಯ ಬ್ಯಾಂಡಿನ ಮ್ಯಾನೇಜರನ ಮುಂದಿನ ಎರಡು ಹಲ್ಲು ಉದುರಿಸಿ ಬಂದವನು. ಇಂದಿರಾನಗರದ ಬೇಸ್ ಗಿಟಾರಿನವಳು ಕೈ ಎತ್ತುವವಳಲ್ಲ, ಆದರೆ ಅವಳು ಬಾಯಿ ಬಿಟ್ಟ ಒಂದೇ ಸಂಜೆಗೆ ಅವಳ ಬ್ಯಾಂಡ್ ದಿಕ್ಕಾಪಾಲಾಗಿತ್ತು. ಯಾರ ಮೈಯನ್ನೂ ಮುಟ್ಟದೆ, ಯಾರನ್ನೂ ಬೈಯದೆ ಬಂದವನು ಒಬ್ಬನೇ, ಕುಕ್ ಟೌನಿನ ಗಿಟಾರಿಸ್ಟ್. ಅವನ ಜೊತೆಯವರು ಒಬ್ಬೊಬ್ಬರಾಗಿ ಕೆಲಸ ಹಿಡಿದು ಹೋಗಿದ್ದರು. ಕೊನೆಗೆ ಇವನೊಬ್ಬನೇ ಉಳಿದು ಆಂಪ್ಲಿಫಯರ್ ಹೊತ್ತುಕೊಂಡು ಮನೆಗೆ ಬಂದಿದ್ದ.

ಹೆಸರು ಮಾಡಿದ ಬೇರೆ ಬೇರೆ ಬ್ಯಾಂಡಿನವರು ಒಂದಾದರೆ ಅದಕ್ಕೆ ಸೂಪರ್‌ಗ್ರೂಪ್ ಎನ್ನುತ್ತಾರೆ. ಪತ್ರಿಕೆಯೊಂದು ನಮ್ಮನ್ನೂ ಹಾಗೆಯೇ ಕರೆಯಿತು. ಗಾಯಕ ಅದನ್ನು ಗಟ್ಟಿಯಾಗಿ ಓದಿ, “ಸೂಪರ್ ಅಂತೆ ಗುರು! ಎಲ್ಲಾ ಕಡೆ ಒದಿಸ್ಕೊಂಡು ಬಂದಿರೋರು ನಾವು” ಎಂದು ಬಿದ್ದು ಬಿದ್ದು ನಕ್ಕ.

ನಾಲ್ವರಿಗೂ ನಲವತ್ತು ಹತ್ತಿರವಾಗಿತ್ತು. ನಮ್ಮ ಅಭ್ಯಾಸದ ಕೋಣೆ ಇದ್ದದ್ದು ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಮೇಲೆ. ಅಂಗಡಿ ತೆಗೆಯುವುದು ಹತ್ತು ಗಂಟೆಗೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಸೇರುತ್ತಿದ್ದೆವು. ಎದುರಿನ ಮಟನ್ ಅಂಗಡಿಯಲ್ಲಿ ಆಗಲೇ ಕತ್ತಿ ಮರದ ಕೊರಡಿನ ಮೇಲೆ ಬೀಳುತ್ತಿರುತ್ತಿತ್ತು. ಎರಡನೆಯ ವಾರವೇ ಗಾಯಕ ನನ್ನ ದೊಡ್ಡ ಡ್ರಮ್ಮಿಗೆ ಒದ್ದ. ಚರ್ಮ ಹರಿಯಿತು. ನಾನು ಅವನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿ ಹಿಡಿದೆ. ಅವನ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದರೂ ನನಗೆ ಬಿಡಬೇಕೆನಿಸಲಿಲ್ಲ. ಬಿಡಿಸಲು ಬಂದ ಗಿಟಾರಿಸ್ಟನ ಮೂಗಿಗೆ ನನ್ನ ಮೊಣಕೈ ಬಡಿದು ರಕ್ತ ಅವನ ಬಿಳಿ ಅಂಗಿಯ ಮೇಲೆಲ್ಲ ಸೋರಿತು. ಅವನು ಮೂಗಿಗೆ ಕರ್ಚೀಫು ಒತ್ತಿಕೊಂಡು, “ಆಯ್ತಾ ನಿಮ್ದು? ಸ್ಟಾರ್ಟ್ ಮಾಡೋಣ್ವಾ ಮ್ಯಾನ್?” ಎಂದ. ಹರಿದ ಡ್ರಮ್ಮಿಗೆ ಟೇಪು ಸುತ್ತಿ ಆವತ್ತೂ ಹತ್ತು ಗಂಟೆಯವರೆಗೆ ಬಾರಿಸಿದೆವು.

ನಾಲ್ವರೂ ಒಂದೇ ವಿಷಯದಲ್ಲಿ ಒಪ್ಪಿದ್ದೆವು. ರೆಕಾರ್ಡಿಂಗಿನಲ್ಲಿ ಕಿವಿಗೆ ಟಿಕ್ ಟಿಕ್ ಅನ್ನುವ ಯಂತ್ರ ಹಾಕಿಕೊಳ್ಳಬಾರದು. ಈಗ ಎಲ್ಲರೂ ಆ ಟಿಕ್ಕಿಗೇ ನುಡಿಸುತ್ತಾರೆ, ಆಮೇಲೆ ಹಾಡನ್ನು ಎಲ್ಲಿ ಬೇಕಾದರೂ ಕತ್ತರಿಸಿ ಅಂಟಿಸಬಹುದು. ದಂಡು ಪ್ರದೇಶದ ಕ್ಲಬ್ಬುಗಳಲ್ಲಿ ನುಡಿಸಿ ಬೆಳೆದ ನಮಗೆ ಅದು ಅವಮಾನ. ಒಂದೇ ಕೋಣೆ, ಒಂದೇ ಸಲ, ನಾಲ್ವರೂ ಒಟ್ಟಿಗೆ. ದೊಡ್ಡನೆಕ್ಕುಂದಿಯ ಹಳೆಯ ಕಾರ್ಖಾನೆ ಶೆಡ್ಡಿನಲ್ಲಿದ್ದ ಸ್ಟುಡಿಯೋದಲ್ಲಿ ನಮ್ಮ ಮೊದಲ ಹಾಡನ್ನು ಹಾಗೆಯೇ ಹಿಡಿದೆವು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಒಬ್ಬನ ಸಿಟ್ಟಿನ ಹಾಡು ಅದು. ನಡುವೆ ಎರಡು ನಿಮಿಷ ಹಿನ್ನೆಲೆಯಲ್ಲಿ ನಮ್ಮ ತಾಳ, ಅದರ ಮೇಲೆ ಗಿಟಾರ್ ಒಂದೇ ಮಾತಾಡುತ್ತಿತ್ತು, ನಾವು ಅದಕ್ಕೆ ಸೋಲೋ ಅನ್ನುತ್ತೇವೆ. ಕೊನೆಗೆ ಜಾಮ್ ಬಿಟ್ಟು ಗಾಡಿಗಳೆಲ್ಲ ನುಗ್ಗುವ ಹಾಗೆ ನನ್ನ ಡ್ರಮ್ಸು ಕಟ್ಟು ಬಿಚ್ಚಿ ಓಡುತ್ತಿತ್ತು. ಆ ಕೊನೆಯ ಓಟ ನನ್ನದು. ಅಷ್ಟು ಚೆನ್ನಾಗಿ ನಾನು ಅದಕ್ಕೂ ಮೊದಲು ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ. ಒಟ್ಟು ಐದೂವರೆ ನಿಮಿಷದ ಹಾಡು.

ಕೇಳಿ ಮುಗಿಸಿದ ಮೇಲೆ ಗಿಟಾರಿಸ್ಟ್ ಹೇಳಿದ, “ಇದು ರೇಡಿಯೋದಲ್ಲಿ ಮೇಲೆ ಹೋದ್ರೆ ಹೋಯ್ತು ಮ್ಯಾನ್. ಹೋಗ್ಲಿಲ್ಲ ಅಂದ್ರೆ ನಾನು ಗಿಟಾರ್ ಕೆಳಗಿಟ್ಬಿಡ್ತೀನಿ. ಇಪ್ಪತ್ತೆರಡು ವರ್ಷ ಆಯ್ತು. ಸಾಕು.” ಅವನು ಉತ್ಪ್ರೇಕ್ಷೆ ಮಾಡುವವನಲ್ಲ.

ಎಫ್.ಎಂ. ಸ್ಟೇಷನ್ನೊಂದು ಪ್ರತಿ ಶನಿವಾರ ಬೆಳಿಗ್ಗೆ ವಾರದ ಇಪ್ಪತ್ತು ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಿತ್ತು. ಹತ್ತೊಂಬತ್ತು ಸಿನಿಮಾದವು, ಒಂದು ಜಾಗ ಊರಿನ ಬ್ಯಾಂಡಿಗೆ. ಆ ಒಂದು ಜಾಗಕ್ಕೆ ಹಾಡನ್ನು ಮಂಗಳವಾರದಿಂದ ದಿನಕ್ಕೆರಡು ಸಲ ಹಾಕಿ, ಕೇಳುಗರ ಮೆಸೇಜು ನೋಡಿ, ಶನಿವಾರ ಬ್ಯಾಂಡನ್ನು ಕರೆಸಿ ಲೈವ್ ನುಡಿಸಲು ಹೇಳಿ ನಿರ್ಧರಿಸುತ್ತಿದ್ದರು. ಸ್ಟೇಷನ್ನಿಗೆ ಮಾತಾಡಲು ಮೂವರೇ ಹೋದರು. ಅಲ್ಲಿ ಯಾರಿಗಾದರೂ ಬಾರಿಸಿಬಿಟ್ಟೇನೆಂದು ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಬಂದು, “ಮೂರೂವರೆ ನಿಮಿಷ ಇರ್ಬೇಕಂತೆ. ಕಟ್ ಮಾಡೋದು ಇವನೇ ನೋಡ್ಕೋತಾನೆ” ಎಂದು ಗಿಟಾರಿಸ್ಟನನ್ನು ತೋರಿಸಿದರು. ಅವನು ಹನ್ನೊಂದು ದಿನ ಅಭ್ಯಾಸಕ್ಕೇ ಬರಲಿಲ್ಲ. ಫೋನ್ ಮಾಡಿದರೆ ಕೆಲಸ ಇದೆ ಎನ್ನುತ್ತಿದ್ದ.

ಮಂಗಳವಾರ ಸಂಜೆ ಐದೂವರೆಗೆ ಹಾಡು ಮೊದಲ ಸಲ ಬರುವುದಿತ್ತು. ನಾನು ಇಂದಿರಾನಗರದಿಂದ ಆಟೋದಲ್ಲಿ ಬರುತ್ತಿದ್ದೆ. ಡ್ರೈವರಿಗೆ ಹೇಳಿ ಆ ಸ್ಟೇಷನ್ ಹಾಕಿಸಿದೆ. “ನಮ್ದೇ ಹಾಡು ಅಣ್ಣ, ಡ್ರಮ್ಸ್ ನಾನೇ” ಎಂದೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ಸೌಂಡು ಜಾಸ್ತಿ ಮಾಡಿದರು. ಮೊದಲ ಚರಣ ಸರಿಯಾಗಿತ್ತು. ಎರಡನೆಯ ಚರಣಕ್ಕೆ ಬಂದಾಗ ನನ್ನ ಮೈ ಬಿಸಿಯಾಯಿತು. ಅದು ನನ್ನ ಕೈ ಅಲ್ಲ. ಅಲ್ಲಿ ನಾನು ಸ್ವಲ್ಪ ಮುಂದೆ ಬೀಳುತ್ತೇನೆ, ನನಗೆ ಗೊತ್ತು. ರೇಡಿಯೋದಲ್ಲಿ ಬರುತ್ತಿದ್ದದ್ದು ಸ್ಕೇಲು ಇಟ್ಟು ಗೆರೆ ಎಳೆದ ಹಾಗಿತ್ತು. ಗಿಟಾರಿಸ್ಟ್ ಯಾವನನ್ನೋ ಕರೆಸಿ, ಅವನ ಕೈಲಿ ಟಿಕ್ಕಿಗೆ ಬಾರಿಸಿಕೊಂಡು ನನ್ನನ್ನು ಕಿತ್ತುಹಾಕಿದ್ದಾನೆ. ಅದಕ್ಕೇ ಹನ್ನೊಂದು ದಿನ ತಲೆಮರೆಸಿಕೊಂಡಿದ್ದ!

“ನಿಲ್ಸಿ” ಎಂದು ಕೂಗಿದೆ.

“ಹಾಡು ಇನ್ನೂ ಇದೆಯಲ್ಲ ಸಾರ್?”

“ನಿಲ್ಸ್ರೀ!”

ಹಲಸೂರು ಕೆರೆಯ ಹತ್ತಿರ ಇಳಿದು ಕುಕ್ ಟೌನಿಗೆ ನಡೆದೇ ಹೋದೆ. ಅರ್ಧ ಗಂಟೆಗೂ ಮೇಲಿನ ದಾರಿ. ನಡೆದರೆ ಸಿಟ್ಟು ಇಳಿಯುತ್ತದೆ ಎನ್ನುವವರು ನನ್ನಂಥವನನ್ನು ನೋಡಿಲ್ಲ. ಪ್ರತಿ ಹೆಜ್ಜೆಗೂ ಒಂದೊಂದು ಹಳೆಯದು ನೆನಪಾಯಿತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮಪ್ಪ ನನ್ನ ಮೊದಲ ಡ್ರಮ್ಮನ್ನು ಎರಡನೆಯ ಮಹಡಿಯಿಂದ ಕೆಳಗೆಸೆದದ್ದು, ಅದನ್ನು ಬಾರಿಸುವ ಕಡ್ಡಿಗಳಿಂದಲೇ ನನ್ನ ಬೆನ್ನು ಬಾಸುಂಡೆ ಬರುವಂತೆ ಬಾರಿಸಿದ್ದು, ‘ನಿಧಾನ’ ಎಂದ ಎಲ್ಲರ ಮುಖಗಳು. ದಾರಿಯಲ್ಲಿ ಅಡ್ಡ ಬಂದ ಬೈಕಿನವನ ಕನ್ನಡಿಗೆ ಗುದ್ದಿದೆ. ಬೆರಳ ಗಂಟು ಸುಲಿದು ರಕ್ತ ಬಂತು. ಆ ನೋವು ನನಗೆ ಹಿತವಾಗಿತ್ತು.

ಗಿಟಾರಿಸ್ಟನದು ಹಳೆಯ ಬಂಗಲೆಯ ಹಿಂಭಾಗದ ಮನೆ. ಬಾಗಿಲು ತೇಗದ್ದು, ಇಬ್ಬರು ಎತ್ತಬೇಕು, ಅಷ್ಟು ಭಾರ. ಅವನೇ ತೆರೆದ. ಮುಖದ ತುಂಬ ನಗು. “ಕೇಳಿದ್ಯಾ? ಹೆಂಗಿತ್ತು ಮ್ಯಾನ್?” ಎಂದ.

ಮೊದಲ ಏಟು ಆ ನಗುವಿಗೇ ಬಿತ್ತು. ತುಟಿ ಒಡೆಯಿತು. ಎರಡನೆಯದು ಪಕ್ಕೆಗೆ. ಅವನು ಬಗ್ಗಿದಾಗ ಕೂದಲು ಹಿಡಿದು ತಲೆ ಎತ್ತಿಸಿ ಕೆನ್ನೆಗೆ ಮತ್ತೆರಡು ಕೊಟ್ಟೆ. ಅವನು ತಿರುಗಿ ಹೊಡೆಯಲಿಲ್ಲ. “ಒಂದ್ ನಿಮಿಷ ಕೇಳ್ ಮ್ಯಾನ್, ಪೂರ್ತಿ ಕೇಳಿದ್ಯಾ, ಒಂದ್ ನಿಮಿಷ” ಎನ್ನುತ್ತ ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಲ್ಲಲು ನೋಡಿದ.

“ಯಾವನ್ ಕೈಲಿ ಬಾರ್ಸ್ದೆ ಹೇಳೋ?” ಎಂದು ಕಿರುಚಿ ನಾನು ಬಾಗಿಲನ್ನು ಎಳೆದು ಬಡಿದೆ.

ಅವನ ಕೈ ಅಲ್ಲಿದ್ದದ್ದು ನನಗೆ ಕಾಣಲಿಲ್ಲ ಎಂದು ಆಮೇಲೆ ಬಹಳ ಜನರಿಗೆ ಹೇಳಿದ್ದೇನೆ. ಕಂಡಿತ್ತು. ನಾಲ್ಕೂ ಬೆರಳು ಕಂಡಿದ್ದವು. ಕಂಡೇ ಬಡಿದೆ. ಆ ಸದ್ದನ್ನು ಬರೆಯಲಾರೆ. ಅವನು ಮೊದಲು ಕೂಗಲಿಲ್ಲ, ಉಸಿರು ಒಳಗೆಳೆದುಕೊಂಡ, ಆಮೇಲೆ ಕೂಗಿದ. ಅಕ್ಕಪಕ್ಕದವರು ಓಡಿ ಬಂದರು. ನಾನು ಗೇಟು ತೆರೆದುಕೊಂಡು ಹೊರಟುಬಿಟ್ಟೆ.

ಮಾರನೆಯ ಬೆಳಿಗ್ಗೆ ಬೇಸ್ ಗಿಟಾರಿನವಳು ನಮ್ಮ ಮನೆಗೆ ಬಂದಳು. ಅಮ್ಮ ಕಾಫಿ ಕೊಡಲು ಬಂದರೆ, “ಬೇಡ ಆಂಟಿ, ಇವನ ಮನೇಲಿ ನಾನು ನೀರೂ ಕುಡಿಯಲ್ಲ” ಎಂದಳು. ಅವರು ಹೆದರಿ ಒಳಬಾಗಿಲಲ್ಲೇ ನಿಂತರು. ಆಸ್ಪತ್ರೆಯಲ್ಲಿ ಅವನು ಗಾಳಿಗೆ ಬಾಗಿಲು ಬಡಿಯಿತು ಎಂದು ಹೇಳಿದ್ದನಂತೆ. ಎರಡು ಬೆರಳು ಮುರಿದಿದ್ದವು, ಉಂಗುರದ ಬೆರಳಿನ ನರ ಹರಿದಿತ್ತು. ಅವಳು ಲ್ಯಾಪ್‌ಟಾಪ್ ತೆಗೆದು ನನ್ನ ತೊಡೆಯ ಮೇಲೆ ಕುಕ್ಕಿದಳು.

“ನೋಡೋ. ಇದು ನಿನ್ನ ಡ್ರಮ್ಸು. ಬೇರೆ ಯಾರೂ ಬಾರಿಸಿಲ್ಲ.”

ಪರದೆಯ ಮೇಲೆ ನನ್ನ ಡ್ರಮ್ಸಿನ ಗೆರೆ ಸಾವಿರಾರು ತುಂಡಾಗಿ ಬಿದ್ದಿತ್ತು. ಒಂದೊಂದು ತುಂಡೂ ನಾನು ಬಾರಿಸಿದ ಒಂದೊಂದು ಹೊಡೆತ.

“ಸ್ಟೇಷನ್ನೋರು ಏನಂದ್ರು ಗೊತ್ತಾ? ಕೊನೇಲಿ ಡ್ರಮ್ಸ್ ಗಲಾಟೆ ಇದೆಯಲ್ಲ, ಅದನ್ನ ತೆಗೀರಿ, ಟೈಮ್ ಸರಿಹೋಗತ್ತೆ ಅಂದ್ರು. ಇವ್ನು ಆಗಲ್ಲ ಅಂದ. ಅದೇ ಹಾಡು, ಅದನ್ನ ಮುಟ್ಟಲ್ಲ ಅಂದ. ತನ್ನ ಸೋಲೋನೇ ಪೂರ್ತಿ ಕಿತ್ತುಹಾಕ್ದ ಕಣೋ. ಎರಡು ನಿಮಿಷ.”

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಬಿಡಿಸಿ ಹೇಳಿದಳು. ಸೋಲೋ ತೆಗೆದರೆ ಅದರ ಹಿಂದಿನದೂ ಮುಂದಿನದೂ ಸೇರಬೇಕು. ಸೇರಲಿಲ್ಲ. ಏಕೆಂದರೆ ಅವನು ಸೋಲೋ ನುಡಿಸುವಾಗ ನಾನು ವೇಗ ಹೆಚ್ಚಿಸಿಬಿಟ್ಟಿದ್ದೆ. ಅವನಿಗೆ ಎರಡು ನಿಮಿಷ ಸಿಕ್ಕಿತಲ್ಲ ಎಂಬ ಹೊಟ್ಟೆಕಿಚ್ಚು ಅದು, ಈಗ ಹೇಳಿಬಿಡುತ್ತೇನೆ. ಟಿಕ್ಕಿಗೆ ಬಾರಿಸಿದ್ದರೆ ಐದು ನಿಮಿಷದ ಕೆಲಸ. ನಮ್ಮ ಹಟದಿಂದ ಆ ಟಿಕ್ ಇರಲಿಲ್ಲ. ಹಾಗಾಗಿ ಅವನು ಎರಡನೆಯ ಚರಣದಿಂದ ನನ್ನ ಹೊಡೆತಗಳನ್ನು ಒಂದೊಂದಾಗಿ ಕತ್ತರಿಸಿ, ಕೊನೆಯ ಓಟದ ವೇಗಕ್ಕೆ ಹೊಂದುವಂತೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಬೆಸುಗೆ ಕಿವಿಗೆ ಗೊತ್ತಾಗದಂತೆ ಕೂಡಿಸಿದ್ದ. ಹನ್ನೊಂದು ದಿನ. ನಾನು ಆಟೋದಿಂದ ಜಿಗಿದದ್ದು ಸರಿಯಾಗಿ ಅಲ್ಲಿ.

“ಈಗ ಪೂರ್ತಿ ಕೇಳು” ಎಂದು ಹಾಕಿದಳು. ಎರಡನೆಯ ಚರಣ ಮುಗಿಯಿತು. ಗಿಟಾರ್ ಏಳಬೇಕಾದ ಜಾಗದಲ್ಲಿ ಏನೂ ಏಳಲಿಲ್ಲ. ಹಾಡು ನೇರ ನನ್ನ ಓಟಕ್ಕೆ ಬಂತು. ಅದರಲ್ಲಿ ಒಂದು ಹೊಡೆತವೂ ಕದಲಿರಲಿಲ್ಲ. ನಾನು ಬಾರಿಸಿದ ಹಾಗೆಯೇ ಇತ್ತು. ನಾನು ಅಮ್ಮನ ಮುಂದೆ, ನಲವತ್ತರ ಗಂಡಸು, ಗೋಡೆಗೆ ಹಣೆ ಚಚ್ಚಿಕೊಂಡೆ. ಅವಳು ತಡೆಯಲಿಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, “ಶನಿವಾರ ಎಂಟು ಗಂಟೆಗೆ ಬಾ. ಅವ್ನು ಹೇಳಿ ಕಳಿಸಿದ್ದಾನೆ, ಹಾಡು ನಿಲ್ಲಬಾರದಂತೆ” ಎಂದು ಹೋದಳು.

ಶನಿವಾರ ಸ್ಟೇಷನ್ನಿನ ಮೆಟ್ಟಿಲ ಮೇಲೆ ಗಾಯಕ ಕಾಯುತ್ತಿದ್ದ. ಮಾತಿಲ್ಲ ಕಥೆಯಿಲ್ಲ, ನೇರ ಬಾಯಿಗೆ ಗುದ್ದಿದ. ನಾನು ನಾಲ್ಕು ಮೆಟ್ಟಿಲು ಕೆಳಗುರುಳಿದೆ. ಅವನು ಇಳಿದು ಬಂದು ಹೊಟ್ಟೆಗೆ ಒದ್ದ. “ಅವ್ನ ಕೈಗೆ ಕೈ ಹಾಕ್ತೀಯಾ? ಅವ್ನ ಕೈಗೆ?” ಎನ್ನುತ್ತ ಒದ್ದ. ಅವನು ಅಳುತ್ತಿದ್ದ. ನಾನು ಕೈ ಅಡ್ಡ ಹಿಡಿಯಲಿಲ್ಲ. ಇನ್ನಷ್ಟು ಒದೆಯಲಿ ಎಂದೇ ಇತ್ತು ನನಗೆ. ಆಮೇಲೆ ಅವನೇ ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಗಿಟಾರಿನ ಭಾಗವನ್ನು ರೆಕಾರ್ಡಿನಿಂದ ಹಾಕಿ ಉಳಿದದ್ದನ್ನು ಮೂವರೂ ನುಡಿಸಿದೆವು. ಅದಕ್ಕೆ ಸರಿಹೊಂದಬೇಕಲ್ಲ, ಜೀವನದಲ್ಲಿ ಮೊದಲ ಸಲ ಕಿವಿಯಲ್ಲಿ ಟಿಕ್ ಟಿಕ್ ಇಟ್ಟುಕೊಂಡು ಬಾರಿಸಿದೆ. ಬಾಯಿಯ ತುಂಬ ರಕ್ತದ ರುಚಿ.

ಹಾಡು ಹದಿನೇಳನೆಯ ಸ್ಥಾನಕ್ಕೆ ಬಂತು. ಮುಂದಿನ ವಾರ ಹನ್ನೊಂದಕ್ಕೆ ಏರಿತು, ಅದರ ಮುಂದಿನ ವಾರ ಒಂಬತ್ತಕ್ಕೆ. ಮೆಸೇಜು ಕಳಿಸಿದ ಬಹುಪಾಲು ಜನ ಕೊನೆಯ ಡ್ರಮ್ಸ್ ಬಗ್ಗೆ ಬರೆದಿದ್ದರಂತೆ. ಡ್ರಮ್ಮರ್ ಯಾರು ಎಂದು ಕೇಳಿದ್ದರಂತೆ. ಸೋಲೋ ಇರುವ ಐದೂವರೆ ನಿಮಿಷದ ಹಾಡು ಬೇಸ್ ಗಿಟಾರಿನವಳ ಹತ್ತಿರ ಇದೆ. ನನಗೂ ಒಂದು ಪ್ರತಿ ಕೊಡು ಎಂದು ಕೇಳಿದೆ. ಕೊಡಲಿಲ್ಲ.

ಗಿಟಾರಿಸ್ಟನ ಕೈಯ ಪಟ್ಟಿ ಬಿಚ್ಚಿದ ಮೇಲೆ ಅವನ ಮನೆಗೆ ಹೋದೆ. ಎರಡು ತಿಂಗಳು ಧೈರ್ಯ ಬಂದಿರಲಿಲ್ಲ. ಅವನೇ ಬಾಗಿಲು ತೆರೆದ. ತೆಳ್ಳಗಾಗಿದ್ದ. ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು.

“ಹೊಡಿ. ಸಾಕು ಅನ್ನೋವರೆಗೂ ಹೊಡಿ.”

ಅವನು ತಲೆ ಅಲ್ಲಾಡಿಸಿದ. “ಒಂಬತ್ತಕ್ಕೆ ಹೋಯ್ತಲ್ಲ ಮ್ಯಾನ್” ಎಂದ.

“ಗಿಟಾರ್?”

“ಉಂಗುರದ ಬೆರಳು ಮಡಚಲ್ಲ. ಕೆಳಗಿಟ್ಟಿದ್ದೀನಿ.” ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ಒಳಗ್ ಬಾ, ಟೀ ಕುಡಿಯೋಣ. ಬಾಗ್ಲು ಹಾಕ್ಬಿಡು.”

ಹಾಗೆಂದು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ. ನಾನು ಆ ಭಾರದ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿದೆ. ಚಿಲಕ ಬೀಳುವವರೆಗೂ ಅವನು ತನ್ನ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.