ತಂಗಿಗೆ ಸಿಕ್ಕ ಲೆಕ್ಕದ ಮಾಸ್ತರರು

ರಾಯಚೂರಿನಲ್ಲಿ ನಾನೀಗಿರುವ ಮನೆಯ ಹಿಂದೆಯೇ ಒಂದು ಅಕ್ಕಿ ಮಿಲ್ಲು. ಬೆಳಗಿನ ಹೊತ್ತು ಭತ್ತ ಬೇಯುವ ವಾಸನೆ ಒಳಗೆ ಬಂದರೆ ಸಾಕು, ಮಾನ್ವಿಯಲ್ಲಿ ಇಂಥದೇ ಮಿಲ್ಲಿನ ಪಕ್ಕದ ನಮ್ಮ ಓಣಿ, ತಗಡಿನ ಮನೆ, ಒಲೆ ಊದುತ್ತಿದ್ದ ಅವ್ವ, ಅವಳ ಬೆನ್ನಿಗೆ ಒರಗಿ ತೂಕಡಿಸುತ್ತಿದ್ದ ತಂಗಿ ರೇಣುಕಾ, ಎಲ್ಲ ಎದ್ದು ಬರುತ್ತಾರೆ. ಕಳೆದುಹೋದ ಮನೆ ನಿಮಗೂ ಹೀಗೆಯೇ ಮರಳುತ್ತದೇನೋ. ನನಗೆ ಅದರ ಜೊತೆ ಹೊಟ್ಟೆಕಿಚ್ಚೂ ಮರಳುತ್ತದೆ.

ಓಣಿಯ ಸರ್ಕಾರಿ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಬಂದಾಗ ನಮ್ಮ ಲೆಕ್ಕದ ಮಾಸ್ತರರನ್ನು ರಾಯಚೂರಿನ ಶಾಲೆಯೊಂದಕ್ಕೆ ಕಳಿಸಿದರು. ಬದಲಿಗೆ ಯಾರೂ ಬರಲಿಲ್ಲ. ಮಿಲ್ಲಿನ ಮಾಲೀಕರ ಮಗಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವುದು ಕಂಡರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅದು ಬೇರೆಯವರ ಲೋಕ. ಹೈಸ್ಕೂಲಿನಲ್ಲಿ ಲೆಕ್ಕ ತಲೆಗೆ ಹತ್ತದೆ, ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟು ಅವ್ವನ ಜೊತೆ ಭತ್ತದ ಸಸಿ ಹಚ್ಚಲು ಕೆಸರಿಗಿಳಿದೆ. ಆ ವರ್ಷವೇ ಅವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ಶಿಕ್ಷಣ ಕಚೇರಿಯ ಬಾಗಿಲಲ್ಲಿ ಕುಳಿತಳು. ನಾನು ಬುತ್ತಿ ಒಯ್ದಿದ್ದೆ.

"ಕಳಸ್ತೀವಿ, ಈಗ ಮನಿಗಿ ನಡೀರಿ" ಎಂದರು ಸಾಹೇಬರು.

"ರಾಯಚೂರು ಹುಡುಗರಿಗೆ ಮಾಸ್ತರು ಬೇಕು, ನಮ್ಮ ಹುಡುಗರಿಗೆ ಬ್ಯಾಡೇನ್ರಿ ಸಾಹೇಬ್ರ? ಅವರು ಬಂದ ಮ್ಯಾಲೇ ನಾವು ಹೋಗೋದು" ಎಂದು ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡಳು.

ಕೂಲಿ ಬಿಟ್ಟು ದಿನವೂ ಕುಳಿತರು. ಕೊನೆಗೆ ಮಾಸ್ತರರು ಮರಳಿ ಬಂದರು, ರೇಣುಕಾಳ ತರಗತಿಗೆ. ಸಂಜೆ ಅವಳು ಕಟ್ಟೆಯ ಮೇಲೆ ಲೆಕ್ಕ ಬಿಡಿಸಿ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದಳು. ನಾನು ಕಾಲಿನ ಕೆಸರು ತೊಳೆಯುತ್ತ ಒಳಗೊಳಗೇ ಉರಿಯುತ್ತಿದ್ದೆ. ಹೊಟ್ಟೆಕಿಚ್ಚು ದೂರದವರ ಮೇಲಲ್ಲ, ಒಂದೇ ಕೌದಿಯೊಳಗೆ ಮಲಗುವವರ ಮೇಲೆ ಹುಟ್ಟುತ್ತದೆಂದು ಆಗ ತಿಳಿಯಿತು. ಈಗ ಅವಳು ದೇವದುರ್ಗದಲ್ಲಿ ಶಿಕ್ಷಕಿ. ಮಕ್ಕಳು ಕಡಿಮೆಯಾದ ಸರ್ಕಾರಿ ಶಾಲೆಗಳನ್ನು ಮುಚ್ಚಬೇಕೋ ಉಳಿಸಬೇಕೋ ಎಂಬ ಸಭೆಗಳಲ್ಲಿ ಮೈಕು ಹಿಡಿದು ಮಾತಾಡುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ, ಎಲ್ಲರಿಗಿಂತ ತಡವಾಗಿ.

ಅವ್ವ ತೀರಿಕೊಂಡ ಮೇಲೆ ಆ ಮನೆ ಕೆಡವಿದರು. ತಗಡು ಇಳಿಸುವುದನ್ನು ನೋಡುತ್ತ ನಿಂತಿದ್ದಾಗ ರೇಣುಕಾ ನನ್ನ ಭುಜಕ್ಕೊರಗಿದಳು. "ಅಕ್ಕಾ, ದೊಡ್ಡಾಕಿ ಸಾಲಿ ಬಿಟ್ಲಲ್ಲ, ಆ ಸಂಕಟಕ್ಕೇ ನಾ ಕಚೇರಿ ಬಾಗಿಲಿಗಿ ಹೋಗಿ ಕುಂತೆ ಅಂತಿದ್ಲು ಅವ್ವ. ನಿನಗ ಹೇಳಿದ್ಲಲ್ಲ?"

ಹೇಳಿರಲಿಲ್ಲ. ಒಂದೇ ಗದ್ದೆಯಲ್ಲಿ ಅಷ್ಟು ವರ್ಷ ಪಕ್ಕಪಕ್ಕ ಬಗ್ಗಿ ನಿಂತರೂ ಹೇಳಿರಲಿಲ್ಲ. ನನ್ನ ಸಲುವಾಗಿ ಹುಟ್ಟಿದ ಆ ಮಾತನ್ನೂ ಅವ್ವ ತಂಗಿಗೇ ಕೊಟ್ಟು ಹೋಗಿದ್ದಳು.

"ಹೇಳಿದ್ಲು" ಎಂದೆ.